ಎರಡು ಕೈಪಿಡಿಗಳ ನಡುವೆ

ಗ್ರಂಥದ ಬಾಗಿಲಲ್ಲೇ ‘ಇದನ್ನು ಓದಬೇಕಾದವರು ಯಾರು’ ಎಂದು ಹೇಳಿಬಿಡುವುದು ನಮ್ಮ ಶಾಸ್ತ್ರಕಾರರ ಹಳೆಯ ಪದ್ಧತಿ. ವೇದಾಂತದ ಪ್ರಕರಣ ಗ್ರಂಥವೊಂದನ್ನು ತೆರೆದರೆ ಮೊದಲಿಗೇ ನಾಲ್ಕು ಸಂಗತಿಗಳು ಇತ್ಯರ್ಥವಾಗುತ್ತವೆ: ವಿಷಯ ಯಾವುದು, ಪ್ರಯೋಜನ ಏನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಅಧಿಕಾರಿ ಯಾರು. ಅನುಬಂಧ ಚತುಷ್ಟಯ ಎಂದು ಇದಕ್ಕೆ ಹೆಸರು. ಮೊದಲ ಮೂರರ ಬಗ್ಗೆ ನನಗೆ ತಕರಾರಿಲ್ಲ. ನಾಲ್ಕನೆಯದರಲ್ಲಿ ಒಂದು ತೊಡಕಿದೆ. ಅಧಿಕಾರಿ ಎಂದರೆ ಓದಲು ಸಿದ್ಧನಾದವನು, ಬೇಕಾದ ಪೂರ್ವತಯಾರಿ ಮುಗಿಸಿಕೊಂಡು ಬಂದವನು ಎಂಬುದು ಒಂದು ಅರ್ಥ. ಓದುವ ಹಕ್ಕು ಇವನಿಗೆ ಮಾತ್ರ ಇದೆ, ಉಳಿದವರಿಗೆ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಓದುಗನ ಮೇಲಿನ ಕರುಣೆಯಿಂದ ಹುಟ್ಟಿದ್ದು. ಎರಡನೆಯದು ಏನೇನು ಮಾಡಿತು ಎಂಬುದನ್ನು ಈ ದೇಶದಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. (ಕಚೇರಿಯಲ್ಲಿ ಕುಳಿತ ಅಧಿಕಾರಿ ಮೂರನೆಯ ಅರ್ಥ. ಅವರು ಬಹುಮಟ್ಟಿಗೆ ಸಹಿ ಹಾಕುತ್ತಾರೆಯೇ ಹೊರತು ಓದುವುದಿಲ್ಲವಾದ್ದರಿಂದ ಇಲ್ಲಿ ಬಿಟ್ಟಿದ್ದೇನೆ.)

ಈ ಹಳೆಯ ಪ್ರಶ್ನೆ ನನ್ನ ತಲೆಯನ್ನು ಹೊಕ್ಕದ್ದು ಕಂಪ್ಯೂಟರಿನ ದೆಸೆಯಿಂದ. ನಾನು ವೃತ್ತಿಯಿಂದ ಗ್ರಂಥಪಾಲಕ. ಮಲೆನಾಡಿನ ಅಂಚಿನ ಕಾಲೇಜೊಂದರಲ್ಲಿ ಪುಸ್ತಕ ಕೊಡುವ, ಪುಸ್ತಕ ತೆಗೆದುಕೊಳ್ಳುವ ಕೆಲಸವನ್ನು ಬಹುಕಾಲ ಮಾಡಿದವನು. ಕಾರ್ಡಿನ ಪೆಟ್ಟಿಗೆಗಳು ಮೂಲೆ ಸೇರಿ ಕಂಪ್ಯೂಟರು ಬಂದಾಗ ನಮ್ಮ ಪಾಲಿಗೆ ಬಂದದ್ದು ‘ಕೋಹಾ’ ಎಂಬ ತಂತ್ರಾಂಶ.

ಅದರ ಹುಟ್ಟಿನ ಕತೆ ಚೆನ್ನಾಗಿದೆ. ನ್ಯೂಜಿಲೆಂಡಿನಲ್ಲಿ ಲೆವಿನ್ ಎಂಬ ಸಣ್ಣ ಊರು. ಅಲ್ಲಿನ ಹೊರೊಫೆನುವ ಗ್ರಂಥಾಲಯ ಟ್ರಸ್ಟಿನವರು ಬಳಸುತ್ತಿದ್ದ ಹಳೆಯ ವ್ಯವಸ್ಥೆ 2000ನೇ ಇಸವಿಯ ತಾರೀಕನ್ನು ಅರಗಿಸಿಕೊಳ್ಳಲಾರದು ಎಂದು ಗೊತ್ತಾಯಿತು. 1999ರಲ್ಲಿ ಅವರು ಕಟಿಪೊ ಎಂಬ ಕಂಪನಿಯಿಂದ ಹೊಸ ತಂತ್ರಾಂಶವನ್ನು ಬರೆಸಿದರು; 2000ದ ಜನವರಿಯಲ್ಲಿ ಬಳಕೆಗೆ ತಂದರು. ದುಡ್ಡು ಕೊಟ್ಟು ಬರೆಸಿದ್ದನ್ನು ತಮ್ಮಲ್ಲೇ ಬಚ್ಚಿಟ್ಟುಕೊಳ್ಳದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ಕೋಹಾ ಎಂದರೆ ಮಾವೊರಿ ಭಾಷೆಯಲ್ಲಿ ಕಾಣಿಕೆ. ಬರಿಯ ಕಾಣಿಕೆಯಲ್ಲ, ಪಡೆದವರು ಮುಂದೊಮ್ಮೆ ತಮ್ಮ ಕೈಲಾದದ್ದನ್ನು ಮರಳಿಸಬೇಕೆಂಬ ನಿರೀಕ್ಷೆಯೂ ಒಳಗೇ ಇರುವಂಥದು. ನಮ್ಮ ಮದುವೆಮನೆಯ ಮುಯ್ಯಿಯ ಹಾಗೆ.

ಇಂಥವನ್ನು ಮುಕ್ತ ತಂತ್ರಾಂಶ ಎನ್ನುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಾಗಿನಿಂದ ಈ ವಿಚಾರಕ್ಕೆ ಒಂದು ನೈತಿಕ ಪೀಠವೇ ದೊರೆಯಿತು. ತಂತ್ರಾಂಶವನ್ನು ಯಾರು ಯಾವ ಕೆಲಸಕ್ಕಾದರೂ ಬಳಸಬಹುದು. ಅದು ಹೇಗೆ ಕೆಲಸ ಮಾಡುತ್ತದೆಂದು ಒಳಹೊಕ್ಕು ಅಭ್ಯಾಸ ಮಾಡಿ ಬೇಕಾದಂತೆ ತಿದ್ದಬಹುದು. ಇದ್ದಂತೆಯೋ ತಿದ್ದಿಯೋ ಇತರರಿಗೆ ಹಂಚಬಹುದು. ನನಗೆ ಇಲ್ಲಿ ಮುಖ್ಯವಾಗಿರುವುದು ಆ ಒಳಹೊಕ್ಕು ಅಭ್ಯಾಸ ಮಾಡುವ ಸ್ವಾತಂತ್ರ್ಯ. ಬಳಸುವವನಿಗೂ ಮಾಡುವವನಿಗೂ ನಡುವೆ ಬೀಗ ಹಾಕಿದ ಬಾಗಿಲು ಇರಕೂಡದು ಎಂಬುದೇ ಈ ಚಳವಳಿಯ ಜೀವ. ಹಾಗಿರುವಾಗ, ಈ ತಂತ್ರಾಂಶಗಳ ಜೊತೆಗೆ ಬರುವ ಕೈಪಿಡಿಗಳನ್ನು ಬಳಕೆದಾರರಿಗೆ ಒಂದು, ಪ್ರೋಗ್ರಾಂ ಬರೆಯುವವರಿಗೆ ಇನ್ನೊಂದು ಎಂದು ಎರಡಾಗಿ ಸೀಳಿ ಇಡುತ್ತಾರಲ್ಲ, ಇದು ಸರಿಯೇ? ಬೀಗ ತೆಗೆದ ಬಾಗಿಲ ಎದುರು ‘ಸಂಬಂಧಪಟ್ಟವರಿಗೆ ಮಾತ್ರ ಪ್ರವೇಶ’ ಎಂಬ ಬೋರ್ಡು ತೂಗುಹಾಕಿದಂತಾಗುವುದಿಲ್ಲವೇ?

ಮೊದಲು ಸೀಳುವವರ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದು ಸಣ್ಣ ಮಾತಲ್ಲ. ಕಾಲೇಜಿನ ಕೌಂಟರಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ನಲವತ್ತು ಮಕ್ಕಳು ಸಾಲು ನಿಂತಿರುತ್ತಾರೆ. ಗುರುತಿನ ಚೀಟಿ ಕಳೆದುಕೊಂಡ ಹುಡುಗನೊಬ್ಬನಿಗೆ ಪುಸ್ತಕ ಕೊಡುವುದು ಹೇಗೆ ಎಂದು ನೋಡಲು ಕೈಪಿಡಿ ತೆರೆದರೆ, ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನ ಯಾವ ಭಾಗ ಯಾವ ಭಾಗವನ್ನು ಕರೆಯುತ್ತದೆಂಬ ವಿವರ ಎದುರಾಗಬಾರದು. ಎಲ್ಲರಿಗೂ ಎಲ್ಲವನ್ನೂ ಒಂದೇ ರಾಶಿಯಲ್ಲಿ ಸುರಿಯುವುದು ನೋಡಲು ಸಮಾನತೆಯಂತಿರುತ್ತದೆ. ವಾಸ್ತವವಾಗಿ ಅದರಲ್ಲಿ ಗೆಲ್ಲುವವನು ಮೊದಲೇ ಬಲ್ಲವನು. ರಾಶಿಯಲ್ಲಿ ತನಗೆ ಬೇಕಾದದ್ದು ಎಲ್ಲಿದೆ ಎಂದು ಅವನಿಗೆ ಗೊತ್ತು. ಹೊಸಬ ಬೆದರಿ ಹಿಂದೆ ಸರಿಯುತ್ತಾನೆ, ತಪ್ಪು ತನ್ನದೇ ಎಂದೂ ತಿಳಿಯುತ್ತಾನೆ. ಲಿನಕ್ಸ್ ಕರ್ನೆಲ್ಲಿನ ಜೊತೆಗೆ ಬರುವ ವಿವರಣೆಯ ಕಡತಗಳು ವರ್ಷಗಟ್ಟಲೆ ಹೀಗೆ ರಾಶಿಯಾಗಿಯೇ ಬಿದ್ದಿದ್ದವು. ಬರೆದವರು ತಮಗೆ ತೋಚಿದ ಮೂಲೆಯಲ್ಲಿ ಎಸೆದು ಹೋಗಿದ್ದರು. 2016ರಿಂದೀಚೆಗೆ ಜೊನಾಥನ್ ಕಾರ್ಬೆಟ್ ಅವರ ಮೇಲ್ವಿಚಾರಣೆಯಲ್ಲಿ ಅವುಗಳನ್ನು ಓದುಗರಿಗೆ ತಕ್ಕಂತೆ ಹೊಂದಿಸುವ ಕೆಲಸ ನಡೆಯುತ್ತ ಬಂದಿದೆ: ವ್ಯವಸ್ಥೆಯನ್ನು ನಡೆಸುವವರಿಗೆ ಒಂದು ಪುಸ್ತಕ, ಅದರ ಮೇಲೆ ನಿಂತು ಪ್ರೋಗ್ರಾಂ ಬರೆಯುವವರಿಗೆ ಒಂದು, ಕರ್ನೆಲ್ಲಿನ ಒಳಗೇ ಕೈಹಾಕುವವರಿಗೆ ಕೆಲವು. ಇದನ್ನು ಯಾರೂ ಅನ್ಯಾಯವೆನ್ನಲಾರರು. ಕಪಾಟಿನಲ್ಲಿ ಪುಸ್ತಕ ಜೋಡಿಸಿಯೇ ಹೊಟ್ಟೆ ಹೊರೆದ ನಾನಂತೂ ಅನ್ನಲಾರೆ.

ಆದರೆ ನಮ್ಮ ಗ್ರಂಥಾಲಯದಲ್ಲೇ ನಡೆದದ್ದೊಂದು ಸಂಗತಿ ಇದನ್ನು ಇಷ್ಟಕ್ಕೇ ಮುಗಿಸಲು ಬಿಡಲಿಲ್ಲ.

ಒಂದು ವರ್ಷ ಜಾಗದ ಮುಗ್ಗಟ್ಟು ಬಂತು. ಕಂಪ್ಯೂಟರು ಬಂದಂದಿನಿಂದ ಒಮ್ಮೆಯೂ ಯಾರೂ ಎರವಲು ಪಡೆಯದ ಪುಸ್ತಕಗಳ ಪಟ್ಟಿ ಮಾಡಿ ತೆಗೆದುಹಾಕಬೇಕೆಂದು ಮೇಲಿನವರು ತೀರ್ಮಾನಿಸಿದರು. ಕೋಹಾದಲ್ಲಿ ವರದಿಗಳನ್ನು ಪಡೆಯುವ ಒಂದು ವಿಭಾಗವಿದೆ. ಎಸ್‌ಕ್ಯುಎಲ್ ಎಂಬ ಪ್ರಶ್ನೆ ಕೇಳುವ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಬೇಕಾದ ಪಟ್ಟಿ ಹೊರಬರುತ್ತದೆ. ಕಂಪ್ಯೂಟರು ರಿಪೇರಿಗೆ ಬರುತ್ತಿದ್ದ ಚುರುಕು ಹುಡುಗನೊಬ್ಬ ಹತ್ತು ನಿಮಿಷದಲ್ಲಿ ಬರೆದುಕೊಟ್ಟ. ಪಟ್ಟಿ ಅಚ್ಚಾಗಿ ಬಂತು. ಅದನ್ನು ಕೌಂಟರಿನಲ್ಲಿ ಇಟ್ಟುಕೊಂಡು ಕಣ್ಣಾಡಿಸುತ್ತಿದ್ದ ನಮ್ಮ ಸಹಾಯಕಿ ಒಂದು ಹೆಸರಿನ ಮೇಲೆ ಬೆರಳಿಟ್ಟಳು.

“ಸರ್, ಇದನ್ನ ಹೋದ ವಾರ ನಾನೇ ಕೊಟ್ಟಿದ್ದು. ಇನ್ನೂ ವಾಪಸು ಬಂದಿಲ್ಲ. ಯಾರೂ ಒಯ್ದೇ ಇಲ್ಲ ಅಂತ ಹೇಗೆ ಬರುತ್ತೆ?”

ಅಡಿಕೆಯ ರೋಗಗಳ ಮೇಲಿನ ಒಂದು ಹಳೆಯ ಪುಸ್ತಕ ಅದು. ಹುಡುಗನೊಬ್ಬ ತನ್ನ ತಂದೆಗೆಂದು ಒಯ್ದಿದ್ದ. ರಿಪೇರಿಯ ಹುಡುಗ ನಕ್ಕು, “ಮೇಡಂ, ಡೇಟಾಬೇಸ್ ಸುಳ್ಳು ಹೇಳಲ್ಲ” ಅಂದ. ಆಕೆ ವಾದಕ್ಕೆ ಹೋಗಲಿಲ್ಲ. ಮೂರು ನಾಲ್ಕು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕೋಹಾದ ಒಳಗಿನ ಕೋಷ್ಟಕಗಳ ವಿವರವಿರುವ ಪುಟಗಳನ್ನು ಓದುತ್ತ ಕುಳಿತಳು. ಅದು ಪ್ರೋಗ್ರಾಂ ಬರೆಯುವವರು ನೋಡುವ ಜಾಗ. ಆಕೆ ಓದಿದ್ದು ಬಿ.ಎ., ಮೇಲೆ ಗ್ರಂಥಾಲಯದ ಒಂದು ಸರ್ಟಿಫಿಕೇಟು. ಇಂಗ್ಲಿಷನ್ನು ಬೆರಳಿಟ್ಟು ಓದುವಷ್ಟು ಬಲ್ಲವಳು. ಕೊನೆಗೆ ಕಂಡುಹಿಡಿದದ್ದು ಇಷ್ಟು: ಎರವಲಿನ ಲೆಕ್ಕ ಎರಡು ಕೋಷ್ಟಕಗಳಲ್ಲಿದೆ. ಈಗ ಯಾರದೋ ಕೈಯಲ್ಲಿರುವ ಪುಸ್ತಕಗಳು ‘ಇಶ್ಯೂಸ್’ ಎಂಬುದರಲ್ಲಿ. ಹಿಂತಿರುಗಿ ಬಂದ ಕೂಡಲೇ ಆ ದಾಖಲೆ ಅಲ್ಲಿಂದ ‘ಓಲ್ಡ್ ಇಶ್ಯೂಸ್’ ಎಂಬುದಕ್ಕೆ ಹೋಗುತ್ತದೆ. ಹುಡುಗ ಹಳೆಯ ಕೋಷ್ಟಕವನ್ನು ಮಾತ್ರ ಕೇಳಿದ್ದ. ಹೀಗಾಗಿ ಮೊಟ್ಟಮೊದಲ ಬಾರಿಗೆ ಹೊರಗೆ ಹೋಗಿ, ಆ ಕ್ಷಣದಲ್ಲಿ ಯಾರದೋ ಮನೆಯಲ್ಲಿ ತೆರೆದುಕೊಂಡಿದ್ದ ಪುಸ್ತಕಗಳೆಲ್ಲ ‘ಯಾರೂ ಓದದ ಪುಸ್ತಕಗಳು’ ಎಂದು ಪಟ್ಟಿಯಲ್ಲಿ ಸೇರಿದ್ದವು. ಅಂಥವು 11 ಇದ್ದವು. ಓದಿ ಮುಗಿಸಿ ಹಿಂತಿರುಗಿಸಿದ ದಿನವೇ ಅವು ರದ್ದಿಗೆ ಹೋಗುತ್ತಿದ್ದವು.

ಹನ್ನೊಂದು ಪುಸ್ತಕ ದೊಡ್ಡ ನಷ್ಟವಲ್ಲ ಎನ್ನಬಹುದು. ನನ್ನನ್ನು ಕಾಡಿದ್ದು ಸಂಖ್ಯೆಯಲ್ಲ. ಈ ಸಂಗತಿ ಯಾರ ಕೈಪಿಡಿಗೆ ಸೇರಿದ್ದು ಎಂಬುದು. ಕೋಷ್ಟಕಗಳ ರಚನೆಯಾದ್ದರಿಂದ ಮಾಡುವವರದು ಎನ್ನೋಣವೇ? ಹಾಗಾದರೆ ಅದನ್ನು ಬಲ್ಲ ಹುಡುಗನಿಗೆ ಅದು ಏಕೆ ಹೊಳೆಯಲಿಲ್ಲ? ಅವನಿಗೆ ಕೋಷ್ಟಕದ ಹೆಸರು ಗೊತ್ತಿತ್ತು. ಗ್ರಂಥಾಲಯದಲ್ಲಿ ‘ಕೊಟ್ಟದ್ದು’ ಮತ್ತು ‘ಬಂದದ್ದು’ ಎರಡು ಬೇರೆ ಘಟನೆಗಳು, ಅವೆರಡರ ನಡುವೆಯೇ ಓದು ಎಂಬುದೊಂದು ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಆಕೆಗೆ ಅದು ದಿನನಿತ್ಯದ ಅನುಭವ, ಕೋಷ್ಟಕ ಗೊತ್ತಿರಲಿಲ್ಲ. ಎರಡು ತಿಳಿವುಗಳೂ ಒಂದೇ ತಲೆಯಲ್ಲಿ ಕೂಡದೆ ತಪ್ಪು ಕಣ್ಣಿಗೆ ಬೀಳುವಂತಿರಲಿಲ್ಲ. ಇಬ್ಬರಲ್ಲಿ ಗೆರೆ ದಾಟಿ ಆಚೆಯ ಪುಸ್ತಕ ಓದಿದವಳು ಆಕೆ. ಅದು ತೆರೆದಿತ್ತು, ಆದ್ದರಿಂದ ದಾಟಿದಳು. ಬೀಗ ಹಾಕಿದ ತಂತ್ರಾಂಶವಾಗಿದ್ದರೆ ಆ ಪುಟವೇ ಆಕೆಯ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಲ್ಲಿಂದ ನನಗೆ ಅನ್ನಿಸುತ್ತ ಬಂದದ್ದು ಇದು: ಕೈಪಿಡಿಯನ್ನು ಭಾಗ ಮಾಡುವುದರಲ್ಲಿ ತಪ್ಪಿಲ್ಲ. ಭಾಗ ಮಾಡುವಾಗ ನಾವು ಕೆಲಸಗಳನ್ನು ವಿಂಗಡಿಸುತ್ತಿದ್ದೇವೆಯೋ ಮನುಷ್ಯರನ್ನು ವಿಂಗಡಿಸುತ್ತಿದ್ದೇವೆಯೋ ಎಂಬುದರಲ್ಲಿ ಧರ್ಮಾಧರ್ಮದ ಪ್ರಶ್ನೆ ಇದೆ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ತಾರೀಕಿದೆ. ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ ಅದನ್ನು ಬರೆದವರು. ಅದರಲ್ಲಿ ಏಳು ವಿಭಾಗಗಳಿದ್ದವು. ಮೊದಲನೆಯದು ಕೀಲಿಮಣೆಯಲ್ಲಿ ಒತ್ತುವ ಆದೇಶಗಳಿಗೆ, ಎರಡನೆಯದು ಪ್ರೋಗ್ರಾಂ ಒಳಗಿನಿಂದ ವ್ಯವಸ್ಥೆಯನ್ನು ಕರೆಯುವ ಕ್ರಮಕ್ಕೆ, ಮೂರನೆಯದು ಸಿದ್ಧ ಉಪಕ್ರಮಗಳಿಗೆ, ಹೀಗೆ. ಇದನ್ನು ಓದು, ಇದನ್ನು ಓದಬೇಡ ಎಂದು ಯಾರಿಗೂ ಹೇಳಿರಲಿಲ್ಲ. ಆ ದಿನಗಳಲ್ಲಿ ಬಳಸುವವರೂ ಮಾಡುವವರೂ ಬಹುಮಟ್ಟಿಗೆ ಅವರವರೇ ಆಗಿದ್ದುದರಿಂದ ಹೇಳುವ ಅಗತ್ಯವೂ ಇರಲಿಲ್ಲವೆನ್ನಿ. ಆದರೆ ಆ ಅಂಕಿಗಳ ಪದ್ಧತಿ ಇಂದಿಗೂ ಉಳಿದುಬಂದಿದೆ. ಇಂದಿನ ಲಿನಕ್ಸಿನಲ್ಲಿ ‘ಪ್ರಿಂಟ್‌ಎಫ್’ ಎಂಬ ಒಂದೇ ಹೆಸರಿಗೆ ಒಂದನೆಯ ವಿಭಾಗದಲ್ಲಿ ಒಂದು ಪುಟ, ಮೂರನೆಯದರಲ್ಲಿ ಇನ್ನೊಂದು ಪುಟ ಇವೆ. ಒಂದು ಆದೇಶ ಕೊಡುವವನಿಗೆ, ಇನ್ನೊಂದು ಸಿ ಭಾಷೆಯಲ್ಲಿ ಬರೆಯುವವನಿಗೆ. ಒಂದರ ಅಡಿಯಲ್ಲಿ ‘ಮೂರನೆಯದನ್ನೂ ನೋಡಿ’ ಎಂಬ ಸೂಚನೆ ಇರುತ್ತದೆ. ಅಡ್ಡಗೋಡೆ ಇದೆ, ಗೋಡೆಯಲ್ಲಿ ಕಿಟಕಿಯೂ ಇದೆ. ಆ ಕೈಪಿಡಿಯ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗಲಾರೆ: ಪುಟಗಳಲ್ಲಿ ‘ದೋಷಗಳು’ ಎಂಬುದಕ್ಕೇ ಒಂದು ತಲೆಬರಹವಿತ್ತು. ತಾನು ಮಾಡಿದ್ದರಲ್ಲಿ ಏನು ಕೆಟ್ಟಿದೆ ಎಂದು ಮಾಡಿದವನೇ ಬಳಸುವವನಿಗೆ ಹೇಳುವುದು! ಮಿಕ್ಸಿಯ ಜೊತೆಗೆ ಬರುವ ಪುಸ್ತಿಕೆಯಲ್ಲಿ ಇಂಥದನ್ನು ನಾನು ಇನ್ನೂ ಕಂಡಿಲ್ಲ.

ಇನ್ನೊಂದು ಉದಾಹರಣೆ ಡೊನಾಲ್ಡ್ ಕ್ನೂತ್ ಅವರದು. ಅಕ್ಷರ ಜೋಡಣೆಗಾಗಿ ಅವರು ಬರೆದ ‘ಟೆಕ್’ ಎಂಬ ತಂತ್ರಾಂಶದ ಮೂಲವನ್ನು ಯಾರು ಬೇಕಾದರೂ ಓದಬಹುದು. ಅದಕ್ಕೆ ಅವರು ಎರಡು ಪುಸ್ತಕ ಬರೆದರು. ಬಳಸುವವರಿಗೆ 1984ರಲ್ಲಿ ಒಂದು, ‘ಟೆಕ್‌ಬುಕ್’. ಒಳಗನ್ನು ನೋಡುವವರಿಗೆ 1986ರಲ್ಲಿ ಇನ್ನೊಂದು. ಅದರಲ್ಲಿ ಇಡೀ ಪ್ರೋಗ್ರಾಮನ್ನೇ, ಮನುಷ್ಯರು ಕೂತು ಓದುವ ಪ್ರಬಂಧದ ಹಾಗೆ ವಿವರಣೆಯೊಂದಿಗೆ ಹೆಣೆದು ಅಚ್ಚು ಹಾಕಿಸಿದರು. ಇಷ್ಟಾದರೂ ಸಮಾಧಾನವಿಲ್ಲದೆ, ಬಳಸುವವರ ಪುಸ್ತಕದ ಒಳಗೇ ರಸ್ತೆಯಲ್ಲಿ ‘ಅಪಾಯದ ತಿರುವು’ ಎಂದು ನೆಡುವ ಫಲಕದಂಥ ಚಿಹ್ನೆಯನ್ನು ಕೆಲವು ಪ್ಯಾರಾಗಳ ಪಕ್ಕದಲ್ಲಿ ಇಟ್ಟರು. ಮೊದಲ ಓದಿನಲ್ಲಿ ಇವನ್ನು ಬಿಟ್ಟು ಮುಂದೆ ಹೋಗಬಹುದು ಎಂದು ಅದರ ಸೂಚನೆ. ಎರಡು ಚಿಹ್ನೆ ಇದ್ದರೆ ಇನ್ನೂ ಕಡಿದಾದ ದಾರಿ. ಘಾಟಿಯ ರಸ್ತೆಯಲ್ಲಿ ಓಡಾಡಿದ ನಮಗೆ ಈ ಫಲಕದ ಸೌಜನ್ಯ ಬೇಗ ಅರ್ಥವಾಗುತ್ತದೆ. ಅದು ವಾಹನವನ್ನು ತಡೆಯುವುದಿಲ್ಲ. ಮುಂದಿರುವುದನ್ನು ತಿಳಿಸಿ, ಹೋಗುವುದು ಬಿಡುವುದನ್ನು ಸವಾರನಿಗೇ ಬಿಡುತ್ತದೆ.

ಆದರೆ ಆ ಪುಸ್ತಕದ ಮುನ್ನುಡಿಯಲ್ಲಿ ಇದಕ್ಕಿಂತ ವಿಚಿತ್ರವಾದ ಒಂದು ಮಾತಿದೆ. ಈ ಕೈಪಿಡಿ ಯಾವಾಗಲೂ ನಿಜವನ್ನೇ ಹೇಳುವುದಿಲ್ಲ ಎಂದು ಕ್ನೂತ್ ಮೊದಲೇ ಒಪ್ಪಿಕೊಳ್ಳುತ್ತಾರೆ. ಕಲಿಯುವವನಿಗೆ ಆರಂಭದಲ್ಲಿ ಸರಳವಾದ, ಪೂರ್ತಿ ನಿಜವಲ್ಲದ ನಿಯಮ ಹೇಳಿ, ಅದು ಮೈಗೂಡಿದ ಮೇಲೆ ತಿದ್ದುವುದು ಸುಲಭ ಎಂಬುದು ಅವರ ಅಭಿಪ್ರಾಯ. ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊಸಬನಿಗೆ ಸುಳ್ಳು ಹೇಳಬಹುದೇ? ಮೇಷ್ಟರುಗಳೆಲ್ಲ ಹೇಳುತ್ತಾರೆ. ಮೂರರಲ್ಲಿ ಐದು ಕಳೆಯಲು ಬರುವುದಿಲ್ಲ ಎಂದು ಪ್ರಾಥಮಿಕ ಶಾಲೆಯಲ್ಲಿ ಹೇಳಿ, ಋಣ ಸಂಖ್ಯೆಗಳನ್ನು ಮಾಧ್ಯಮಿಕ ಶಾಲೆಗೆ ಬಿಡುವುದು ಸುಳ್ಳೇ ತಾನೆ? ಹಾಗೆ ನೋಡಿದರೆ ಬಳಕೆದಾರರಿಗೆಂದು ಪ್ರತ್ಯೇಕವಾಗಿ ಬರೆದ ಕೈಪಿಡಿಗಳೆಲ್ಲ ಅರ್ಧಸತ್ಯಗಳೇ. ‘ಈ ಗುಂಡಿ ಒತ್ತಿದರೆ ಪುಸ್ತಕ ವಾಪಸಾಗುತ್ತದೆ’ ಎಂದರೆ ನಡುವೆ ನಡೆಯುವ ನೂರು ಸಂಗತಿಗಳನ್ನು ಮುಚ್ಚಿಟ್ಟಂತೆ. ಮುಚ್ಚಿಡದೆ ವಿಧಿಯಿಲ್ಲ. ಕ್ನೂತ್ ಅವರ ಪ್ರಾಮಾಣಿಕತೆ ಎಲ್ಲಿದೆ ಎಂದರೆ, ಮುಚ್ಚಿಟ್ಟಿದ್ದೇನೆ ಎಂದು ಬಾಗಿಲಲ್ಲೇ ಹೇಳಿದರು, ಮುಚ್ಚಿಟ್ಟದ್ದು ಯಾವ ಪುಸ್ತಕದಲ್ಲಿ ತೆರೆದಿದೆ ಎಂದೂ ತೋರಿಸಿದರು. ತನ್ನಲ್ಲಿರುವುದೇ ಪೂರ್ಣಸತ್ಯ ಎಂಬ ಠೀವಿಯಲ್ಲಿ ಕೂರುವ ಬಳಕೆದಾರರ ಕೈಪಿಡಿ ಇದೆಯಲ್ಲ, ಅದು ಓದುಗನನ್ನು ಎಂದೆಂದಿಗೂ ಮೂರರಲ್ಲಿ ಐದು ಕಳೆಯಲಾಗದ ತರಗತಿಯಲ್ಲೇ ಕೂಡಿಹಾಕುತ್ತದೆ.

ಒಬ್ಬ ಗೆಳೆಯರ ಹತ್ತಿರ ಇದನ್ನೆಲ್ಲ ಹೇಳಿದಾಗ ಅವರು, “ಬಸ್ಸಿನಲ್ಲಿ ಕೂತವನಿಗೆ ಎಂಜಿನ್ನಿನ ಪುಸ್ತಕ ಯಾಕ್ರೀ? ಟಿಕೆಟ್ ತಗೊಂಡ, ಊರು ಬಂತು, ಇಳಿದ” ಎಂದರು. ಅವರ ಮಾತು ನಿಜ. ಎಲ್ಲರೂ ಎಲ್ಲದರ ಒಳಗನ್ನೂ ಬಲ್ಲವರಾಗಬೇಕೆಂಬುದು ದರ್ಪದ ಇನ್ನೊಂದು ರೂಪ. ಅದರಲ್ಲೂ ಕಂಪ್ಯೂಟರಿನವರಿಗೆ ಈ ಕಾಯಿಲೆ ಜಾಸ್ತಿ; ಕೇಳಿದವನಿಗೆ ‘ಕೈಪಿಡಿ ಓದಿಕೋ’ ಎಂದು ಗದರುವುದನ್ನೇ ಸ್ವಾತಂತ್ರ್ಯದ ಬೋಧನೆ ಎಂದು ತಿಳಿದವರಿದ್ದಾರೆ. ತಿಳಿಯದಿರುವುದಕ್ಕೂ ಮನುಷ್ಯನಿಗೆ ಹಕ್ಕಿದೆ. ನನ್ನ ಮಾತಿರುವುದು ತಿಳಿಯಬೇಕಾದವನ ಕರ್ತವ್ಯದ ಬಗ್ಗೆ ಅಲ್ಲ, ಬರೆದಿಡುವವನ ಕರ್ತವ್ಯದ ಬಗ್ಗೆ. ಬಸ್ಸಿನಲ್ಲಿ ಕೂತವನಿಗೆ ಎಂಜಿನ್ನಿನ ಪಾಠ ಬೇಡ. ಆದರೆ ಘಾಟಿಯಲ್ಲಿ ಬಸ್ಸು ನಿಂತಾಗ ಅವನೇ ಇಳಿದು ಬಾನೆಟ್ಟಿನ ಒಳಗೆ ಇಣುಕಿದರೆ, ‘ನೀವು ಪ್ಯಾಸೆಂಜರ್, ಹೋಗಿ ಕೂತುಕೊಳ್ಳಿ’ ಎನ್ನುವ ಪುಸ್ತಕ ಬೇಡ ಎಂದಷ್ಟೇ ನಾನು ಹೇಳುವುದು.

ಇಣುಕಿದವನಿಗಾಗಿ ಬರೆದ ಪುಸ್ತಕಗಳೂ ಇವೆ, ಅಪರೂಪಕ್ಕೆ. ಸ್ಟಾಲ್‌ಮನ್ ಅವರ ‘ಈಮ್ಯಾಕ್ಸ್’ ಎಂಬ ಬರವಣಿಗೆಯ ತಂತ್ರಾಂಶಕ್ಕೆ ಬಳಸುವವರ ಕೈಪಿಡಿ ಒಂದು, ಅದನ್ನು ಕಟ್ಟಿದ ಲಿಸ್ಪ್ ಭಾಷೆಯ ಆಕರಗ್ರಂಥ ಒಂದು, ಎರಡೂ ದಪ್ಪನೆಯವು. ಇವುಗಳ ನಡುವೆ ರಾಬರ್ಟ್ ಚಾಸೆಲ್ ಎಂಬುವರು ಮೂರನೆಯದೊಂದನ್ನು ಬರೆದರು. ಪ್ರೋಗ್ರಾಂ ಬರೆಯುವವರಲ್ಲದವರಿಗೆ, ಆದರೆ ತಮ್ಮ ಈಮ್ಯಾಕ್ಸನ್ನು ತಮಗೆ ಬೇಕಾದಂತೆ ಸ್ವಲ್ಪ ತಿದ್ದಿಕೊಳ್ಳಬೇಕೆನ್ನುವವರಿಗೆ ಅದು. ಯಾವ ಮೆಟ್ಟಿಲ ಮೇಲೂ ಓದುಗನನ್ನು ಹೊರದಬ್ಬದೆ ನಿಧಾನವಾಗಿ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ಎರಡು ಊರುಗಳ ನಡುವಿನ ಸೇತುವೆಗೆ ಯಾವ ಪಂಚಾಯಿತಿಯೂ ಹಣ ಕೊಡುವುದಿಲ್ಲ ಎಂಬುದು ನಮ್ಮ ಕಡೆಯ ಅನುಭವ. ಇಂಥ ಪುಸ್ತಕಗಳ ಗತಿಯೂ ಅದೇ. ಮಾಡುವವರ ಕೈಪಿಡಿಯನ್ನು ಅವರು ತಮ್ಮ ಅಗತ್ಯಕ್ಕೆ ತಾವೇ ಬರೆದುಕೊಳ್ಳುತ್ತಾರೆ. ಬಳಸುವವರದಕ್ಕೆ ಹೇಗೋ ಒಬ್ಬಿಬ್ಬರು ಪುಣ್ಯಾತ್ಮರು ಸಿಗುತ್ತಾರೆ. ನಡುವಿನದು ಯಾರದೂ ಅಲ್ಲ.

ಅದನ್ನು ಬರೆಯಲು ಯೋಗ್ಯರು ಯಾರು ಎಂಬುದೂ ಯೋಚಿಸಬೇಕಾದದ್ದೇ. ಚೆನ್ನಾಗಿ ಬಲ್ಲವನು ತಾನು ಒಮ್ಮೆ ಅರಿಯದವನಾಗಿದ್ದುದನ್ನು ಮರೆತಿರುತ್ತಾನೆ. ಯಾವ ಮಾತು ಹೊಸಬನಿಗೆ ಎಡವುಗಲ್ಲಾಗುತ್ತದೆಂದು ಅವನಿಗೆ ಕಾಣುವುದಿಲ್ಲ, ಏಕೆಂದರೆ ಆ ದಾರಿಯಲ್ಲಿ ಅವನು ಕತ್ತಲಲ್ಲೂ ನಡೆಯಬಲ್ಲ. ನಿನ್ನೆಯೋ ಮೊನ್ನೆಯೋ ಎಡವಿದವರೇ ಬರೆಯಬೇಕು. ಕೋಹಾದ ಮಟ್ಟಿಗೆ ಈ ಅದೃಷ್ಟ ಒದಗಿಬಂತು. ಅದರ ಕೈಪಿಡಿಯನ್ನು ಕಟ್ಟಿ ಬೆಳೆಸಿದವರಲ್ಲಿ ಗ್ರಂಥಪಾಲಕರೇ ಮುಂದಿದ್ದರು. ನಿಕೋಲ್ ಎಂಗಾರ್ಡ್ ಎಂಬ ಗ್ರಂಥಪಾಲಕಿ ಅನೇಕ ವರ್ಷ ಅದರ ಹೊಣೆ ಹೊತ್ತಿದ್ದರು. ಇಷ್ಟೇ ಅಲ್ಲ, ಯಾರಾದರೂ ಒಂದು ತಿದ್ದುಪಡಿ ಬರೆದರೆ ಅದು ಸರಿಯಾಗಿದೆಯೇ ಎಂದು ಪರೀಕ್ಷಿಸಿ ಒಪ್ಪಿಗೆ ಹಾಕುವ ಕೆಲಸವನ್ನು ಪ್ರೋಗ್ರಾಂ ಬಾರದ ಗ್ರಂಥಪಾಲಕರೂ ಮಾಡಬಹುದು. ತಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಹೂಡದೆ, ದೂರದ ಒಂದು ಪ್ರಯೋಗದ ಅಂಗಳದಲ್ಲಿ ಆ ತಿದ್ದುಪಡಿಯನ್ನು ಓಡಿಸಿ ನೋಡಲು ವ್ಯವಸ್ಥೆ ಇದೆ. ಅಲ್ಲಿ ಕುಳಿತು ‘ಇದು ಕೌಂಟರಿನಲ್ಲಿ ನಡೆಯುವುದಿಲ್ಲ’ ಎಂದು ಹೇಳುವಾಗ ಆಕೆ ಬಳಕೆದಾರಳೋ, ಮಾಡುವವಳೋ? ಆ ಕ್ಷಣಕ್ಕೆ ಎರಡು ಹೆಸರುಗಳೂ ಅಂಟುವುದಿಲ್ಲ.

ಇಷ್ಟು ಹೇಳಿದ ಮೇಲೆ ಕನ್ನಡದ ಮಾತು ಬಾರದೆ ಇರದು. ನಮ್ಮಲ್ಲಿ ಕೆಲವರು ಸೇರಿ ಇಂಥ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಯೋಚನೆ ಮಾಡಿದಾಗ ಮೊದಲು ಎದ್ದ ಪ್ರಶ್ನೆ ಯಾವುದನ್ನು ಎಂಬುದು. ಇರುವ ಕೈಗಳು ನಾಲ್ಕು, ಪುಟಗಳು ಸಾವಿರಾರು. ಎಲ್ಲರೂ ಒಂದೇ ದನಿಯಲ್ಲಿ ಬಳಕೆದಾರರದು ಎಂದರು. ಒಳಗೆ ಕೈಹಾಕುವಷ್ಟು ಬಲ್ಲವನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬುದು ಕಾರಣ. ಕಾರಣ ಸಮಂಜಸವಾಗಿಯೇ ಇದೆ, ಅದಕ್ಕೇ ಅಪಾಯಕಾರಿ. ಹೀಗೆ ಮಾಡುತ್ತ ಹೋದರೆ ಕನ್ನಡದಲ್ಲಿ ಇದ್ದುಕೊಂಡು ಬಳಕೆದಾರ ಮಾತ್ರ ಆಗಬಹುದು, ಮಾಡುವವನಾಗಲು ಕನ್ನಡವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಹೋಗಬೇಕು ಎಂದಾಗುತ್ತದೆ. ಎರಡು ಕೈಪಿಡಿಗಳ ನಡುವಿನ ಗೆರೆ ಎರಡು ಭಾಷೆಗಳ ನಡುವಿನ ಗೆರೆಯ ಮೇಲೆ ಸರಿಯಾಗಿ ಕೂತುಬಿಡುತ್ತದೆ. ಇಂಥದು ನಮಗೆ ಹೊಸದಲ್ಲ. ಎರಡನೆಯ ನಾಗವರ್ಮ ಕನ್ನಡಕ್ಕೆ ಎರಡು ವ್ಯಾಕರಣ ಬರೆದ. ಕಾವ್ಯಾವಲೋಕನದ ಭಾಗವಾದ ಶಬ್ದಸ್ಮೃತಿ ಕನ್ನಡದಲ್ಲಿ, ಕರ್ಣಾಟಕ ಭಾಷಾಭೂಷಣ ಸಂಸ್ಕೃತ ಸೂತ್ರಗಳಲ್ಲಿ. 1604ರಲ್ಲಿ ಭಟ್ಟಾಕಳಂಕ ಶಬ್ದಾನುಶಾಸನ ಬರೆಯುವ ಹೊತ್ತಿಗೆ ಸಂಸ್ಕೃತ ಒಂದೇ ಸಾಕಾಯಿತು. ಕನ್ನಡದ ಒಳಗು ಹೇಗಿದೆ ಎಂದು ಅದರಲ್ಲಿ ಓದಬೇಕಾದ ಕನ್ನಡಿಗ ಮೊದಲು ಇನ್ನೊಂದು ಭಾಷೆ ಕಲ್ತು ಬರಬೇಕು. ಕೇಶಿರಾಜನ ಮೇಲೆ ನನಗೆ ಪ್ರೀತಿ ಹೆಚ್ಚಾಗಲು ಇದೂ ಒಂದು ಕಾರಣ: ಸೂತ್ರವನ್ನೂ ವೃತ್ತಿಯನ್ನೂ ಅವನು ಕನ್ನಡದಲ್ಲೇ, ಒಂದರ ಕೆಳಗೆ ಒಂದು ಇಟ್ಟ.

ಇನ್ನೊಂದು ಸೂಕ್ಷ್ಮವೂ ಇದೆ. ಇಂಗ್ಲಿಷಿನಲ್ಲಿ ಕೆಲಸ ಮಾಡುವವನಿಗಿಂತ ಕನ್ನಡದಲ್ಲಿ ಮಾಡುವವನಿಗೆ ಒಳಗಿನ ಸಂಗತಿ ಹೆಚ್ಚು ಬೇಕಾಗುತ್ತದೆ. ‘ರ‍್ಯಾಂಕ್’ ಎಂದು ಬರೆಯಬೇಕು ಅನ್ನಿ. ರಕಾರಕ್ಕೆ ಹಲಂತ ಹಾಕಿ ಯಕಾರ ಒತ್ತಿದರೆ ಯಂತ್ರ ಅದನ್ನು ‘ಸೂರ್ಯ’ದ ಹಾಗೆ ಅರ್ಕಾವತ್ತು ಮಾಡಿಬಿಡುತ್ತದೆ. ಬೇಡವಾದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವನ್ನು ಇಡಬೇಕೆಂದು ಯುನಿಕೋಡ್ ನಿಯಮ. ಇದು ಬರೆದಿರುವುದು ಲಿಪಿಯನ್ನು ತೆರೆಯ ಮೇಲೆ ಮೂಡಿಸುವ ತಂತ್ರಜ್ಞರ ಪುಸ್ತಕದಲ್ಲಿ. ಬೇಕಾಗಿರುವುದು ಪುಸ್ತಕದ ಹೆಸರನ್ನು ಕ್ಯಾಟಲಾಗಿನಲ್ಲಿ ತುಂಬುತ್ತಿರುವ ನಮ್ಮ ಸಹಾಯಕಿಗೆ. ಆ ಸಂಕೇತ ಇದ್ದ ಪದ, ಇಲ್ಲದ ಪದ ಎರಡೂ ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ ಅಕ್ಷರಸರಣಿ. ಇದು ಆಕೆಗೆ ಗೊತ್ತಿಲ್ಲದಿದ್ದರೆ ಒಂದೇ ಹೆಸರನ್ನು ಇಬ್ಬರು ಎರಡು ಥರ ತುಂಬಿ ಕುಳಿತಿರುತ್ತಾರೆ. ಇಂಗ್ಲಿಷಿನ ಗ್ರಂಥಪಾಲಕನಿಗೆ ಇಂಥ ತಾಪತ್ರಯವಿಲ್ಲ.

ಕಡೆಗೆ ನಾವು ಮಾಡಿಕೊಂಡದ್ದು ಒಂದು ಒಪ್ಪಂದ. ಬಳಕೆದಾರರ ಕೈಪಿಡಿಯಲ್ಲಿ ಕೌಂಟರಿಗೆ ತೀರ ಅಗತ್ಯವಾದ ಅಧ್ಯಾಯಗಳು ಮೊದಲು. ಆದರೆ ಪ್ರತಿ ಅಧ್ಯಾಯದ ಕೊನೆಗೆ, ಆ ಕೆಲಸ ಮಾಡುವಾಗ ಒಳಗೆ ಯಾವ ಕೋಷ್ಟಕದಲ್ಲಿ ಏನು ಬದಲಾಗುತ್ತದೆ ಎಂದು ಅರ್ಧ ಪುಟ, ಕನ್ನಡದಲ್ಲಿ. ಓದಲೇಬೇಕೆಂದಿಲ್ಲ, ಅಲ್ಲಿ ಇರುತ್ತದೆ. ಎರವಲಿನ ಅಧ್ಯಾಯದ ಅರ್ಧ ಪುಟವನ್ನು ಆಕೆಯೇ ಬರೆದಳು. ‘ಇಶ್ಯೂಸ್’ ‘ಓಲ್ಡ್ ಇಶ್ಯೂಸ್’ ಎಂಬುವನ್ನು ಏನೆನ್ನುವುದು ಎಂದು ಒಂದಿಡೀ ಮಧ್ಯಾಹ್ನ ಚರ್ಚೆ ನಡೆಯಿತು. ‘ಪ್ರಚಲಿತ ಎರವಲು ಕೋಷ್ಟಕ’, ‘ಪೂರ್ವ ಎರವಲು ಕೋಷ್ಟಕ’ ಎಂದು ನಾನು ಸೂಚಿಸಿದೆ. ಆಕೆ ತುಸು ಯೋಚಿಸಿ, “ಸರ್, ‘ಕೊಟ್ಟದ್ದು’, ‘ಬಂದದ್ದು’ ಅಂದ್ರೆ ಸಾಕಲ್ವಾ?” ಎಂದಳು. ಮೂಲದ ಹೆಸರುಗಳನ್ನು ಪಕ್ಕದಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಹಾಗೆಯೇ ಇಟ್ಟೆವು.